ಬೋರ್ಡು ಬದಲಾದ ಊರು: ಕಪ್ಪು-ಬಿಳುಪಿನಲ್ಲಿ ಕಲಬುರಗಿ

ಪ್ರಶ್ನೆ: ನಾನು ಕಲಬುರಗಿಯವಳು, ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹಳೆಯ ಓಣಿಗಳಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯುತ್ತಿದ್ದೇನೆ. ನಿಜಾಮರ ಆಳ್ವಿಕೆ ಹೋಯಿತು, ರಾಜ್ಯ ಬದಲಾಯಿತು, ಊರಿನ ಹೆಸರೂ ಬದಲಾಯಿತು. ಅದೆಲ್ಲ ಬೀದಿಯಲ್ಲಿ ಹೇಗೆ ಉಳಿದಿದೆ ಎಂದು ತೋರಿಸುವ ಆಸೆ. ಆದರೆ ನೋಡಿದವರು "ಅರವತ್ತರ ದಶಕದ ಚಿತ್ರ ಇದ್ದಂಗ ಅವ" ಅನ್ನುತ್ತಾರೆ. ಒಬ್ಬರಂತೂ "ಬಡತನಾನ ಚೆಂದ ಮಾಡಿ ತೋರಸ್ತಿ" ಎಂದರು. ಬಣ್ಣಕ್ಕೆ ಹೋಗಲೇ? ಯಾಕೆ ಫೋಟೋ ತೆಗೆಯುತ್ತೀರಿ ಎಂದು ಜನ ಕೇಳಿದರೆ ಏನು ಹೇಳಲಿ? ಅಜ್ಜನ ಹಳೆಯ ಫಿಲ್ಮ್ ಕ್ಯಾಮೆರಾ ಕೂಡ ಇದೆ, ಅದನ್ನು ಬಳಸಬಹುದೇ? ಹನ್ನೆರಡು ಚಿತ್ರ ಕಳಿಸಿದ್ದೇನೆ.

ಉತ್ತರ: ನಿಮ್ಮ ಚಿತ್ರ ನೋಡಿದವರು ಹೇಳಿದ ಎರಡೂ ಮಾತಿನಲ್ಲಿ ಹುರುಳಿದೆ. ಅವನ್ನು ತಳ್ಳಿಹಾಕಬೇಡಿ. ಆದರೆ ಅದಕ್ಕೆ ಮದ್ದು ಬಣ್ಣದಲ್ಲಿ ಇಲ್ಲ.

ಕಪ್ಪು-ಬಿಳುಪು ಮೊದಲು ಅಳಿಸುವುದು ತಾರೀಖನ್ನು. ನಮ್ಮ ಕಣ್ಣಿಗೆ ಹಾಗೆ ರೂಢಿಯಾಗಿದೆ. ಅಜ್ಜನ ಮದುವೆಯ ಫೋಟೋ ಬೂದು, ನಮ್ಮ ಮದುವೆಯದು ಬಣ್ಣ. ಬೂದು ಕಂಡ ಕೂಡಲೇ ಮನಸ್ಸು ಹಿಂದಕ್ಕೆ ಓಡುತ್ತದೆ. ಸವೆದ ಗೋಡೆ, ಒಂದು ಕಮಾನು, ಗಡ್ಡದ ಮುದುಕರು, ಹೊಗೆಯಾಡುವ ಚಹಾ. ಈ ನಾಲ್ಕು ಸೇರಿದರೆ ಅದು ಯಾವ ಊರಾದರೂ ಆಗಬಹುದು, ಯಾವ ಕಾಲವಾದರೂ ಆಗಬಹುದು. ನೀವು ಕಳಿಸಿದ ಹನ್ನೆರಡು ಚಿತ್ರಗಳಲ್ಲಿ ಒಂಬತ್ತರಲ್ಲಿ ಒಂದಕ್ಷರವೂ ಇಲ್ಲ. ಮೊಬೈಲ್ ಇಲ್ಲ, ಟಂಟಂ ಆಟೋ ಇಲ್ಲ, ಫ್ಲೆಕ್ಸ್ ಇಲ್ಲ, ಕೇಬಲ್ ವೈರಿನ ಗಂಟು ಇಲ್ಲ. ಇವೆಲ್ಲ ಇಲ್ಲದ ಓಣಿ ಇವತ್ತಿನ ಕಲಬುರಗಿಯಲ್ಲಿ ಎಲ್ಲಿದೆ? ಚಿತ್ರದ ಚೆಂದ ಕೆಡುತ್ತದೆ ಎಂದು ನೀವೇ ಅವನ್ನು ಅಂಚಿನಿಂದ ಆಚೆ ಇಟ್ಟಿದ್ದೀರಿ. ಅರವತ್ತರ ದಶಕ ಬಂದದ್ದು ಅಲ್ಲಿಂದಲೇ.

1968ರ ಆಗಸ್ಟ್‌ನಲ್ಲಿ ಸೋವಿಯತ್ ಮುಂದಾಳತ್ವದ ಸೇನೆ ಪ್ರಾಗ್ ನಗರಕ್ಕೆ ನುಗ್ಗಿದಾಗ ಜೋಸೆಫ್ ಕೌಡೆಲ್ಕಾ ಎಂಬ ಫೋಟೋಗ್ರಾಫರ್ ಬೀದಿಯಲ್ಲಿದ್ದರು. ಅವರ ಒಂದು ಚಿತ್ರದಲ್ಲಿ ದೊಡ್ಡ ಬೀದಿ ಖಾಲಿ ಬಿದ್ದಿದೆ. ಮುಂದೆ ಚಾಚಿದ ಒಂದು ಕೈ, ಮಣಿಕಟ್ಟಿನಲ್ಲಿ ಗಡಿಯಾರ. ಅಷ್ಟೇ. ಆ ಗಡಿಯಾರ ಇಲ್ಲದಿದ್ದರೆ ಅದು ಯಾವುದೋ ರಜೆಯ ದಿನದ ಖಾಲಿ ಬೀದಿ. ಗಡಿಯಾರ ಇರುವುದರಿಂದ, ಇಷ್ಟು ಹೊತ್ತಿಗೆ ಈ ಊರಿನಲ್ಲಿ ಏನೋ ಆಗಿದೆ ಎಂದು ನೋಡುವವರ ಎದೆ ಹೊಡೆದುಕೊಳ್ಳುತ್ತದೆ. ಕಪ್ಪು-ಬಿಳುಪು ಅಳಿಸಿದ ಹೊತ್ತನ್ನು ಅವರು ತಮ್ಮ ಕೈಯಾರೆ ಚಿತ್ರದೊಳಗೆ ಮತ್ತೆ ಇಟ್ಟರು. ನೀವು ಮಾಡಬೇಕಾದದ್ದೂ ಇದನ್ನೇ.

ಹಾಗಾದರೆ ಕಲಬುರಗಿಯ ಗಡಿಯಾರ ಯಾವುದು? ನನ್ನ ಮಟ್ಟಿಗೆ ಅಕ್ಷರ.

ಕರ್ನಾಟಕದಲ್ಲಿ ಆಳ್ವಿಕೆ ಬದಲಾದದ್ದನ್ನು ಅಂಗಡಿ ಬೋರ್ಡಿನಲ್ಲೇ ಓದಬಹುದಾದ ಊರುಗಳು ಜಾಸ್ತಿ ಇಲ್ಲ. ನಮ್ಮದು ಅಂಥ ಊರು. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನ. ಕಚೇರಿ, ಕೋರ್ಟು, ಜಮೀನಿನ ಕಾಗದ ಎಲ್ಲ ಉರ್ದುವಿನಲ್ಲಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ಗುಲ್ಬರ್ಗ ಸರ್ಕಾರಿ ದಾಖಲೆಯಲ್ಲಿ ಕಲಬುರಗಿ ಆಯಿತು. ಕನ್ನಡ ಮಾತಾಡುವ ಮನೆಗಳಲ್ಲಿ ಅದು ಮೊದಲಿನಿಂದಲೂ ಕಲಬುರ್ಗಿಯೇ, ಆ ಮಾತು ಬೇರೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಈ ಭಾಗದ ಹೆಸರು ಕಲ್ಯಾಣ ಕರ್ನಾಟಕವಾಯಿತು. 2024ರಲ್ಲಿ ಬೋರ್ಡಿನ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂಬ ಕಾನೂನು ಬಂತು. ಒಂದೊಂದು ಸಲವೂ ಯಾರೋ ಏಣಿ ಹತ್ತಿದ್ದಾರೆ, ಹಳೆಯದನ್ನು ಅಳಿಸಿ ಹೊಸದನ್ನು ಬರೆದಿದ್ದಾರೆ. ಪೂರ್ತಿ ಅಳಿಸಲು ಮಾತ್ರ ಆಗಿಲ್ಲ. ವಿಶ್ವವಿದ್ಯಾಲಯದ ಹೆಸರಲ್ಲಿ ಗುಲ್ಬರ್ಗ ಹಾಗೇ ಇದೆ. ಕರೆಂಟ್ ಬಿಲ್ಲಿನ ಮೇಲಿನ ವಿದ್ಯುತ್ ಕಂಪನಿ ಜೆಸ್ಕಾಂನ (GESCOM) ಮೊದಲ ಇಂಗ್ಲಿಷ್ ಅಕ್ಷರದಲ್ಲೂ ಗುಲ್ಬರ್ಗವೇ ಕೂತಿದೆ.

2014ರ ನವೆಂಬರ್‌ನಲ್ಲಿ ನಾನು ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತ ಬೋರ್ಡು ಬರೆಯುವ ಒಬ್ಬ ಪೇಂಟರ್ ಹಿಂದೆ ಮೂರು ದಿನ ತಿರುಗಿದ್ದೆ. ಒಂದು ಏಣಿ, ಬಿಳಿ ಬಣ್ಣದ ಡಬ್ಬಿ, ಒರೆಸಲು ಹಳೆಯ ಬನಿಯನ್ನು. 'ಗುಲ್ಬರ್ಗಾ' ಎಂಬುದರ ಮೇಲೆ ಅವರು ಬಿಳಿ ಬಳಿದರು. ಒಣಗಿದ ಮೇಲೆ ನೋಡಿದರೆ 'ಗು' ಅಡಿಯಿಂದ ಮಂಕಾಗಿ ಕಾಣುತ್ತಿತ್ತು. "ಇನ್ನೊಂದ ಕೈ ಬಳೀಬೇಕ್ರಿ, ಇಲ್ಲಾಂದ್ರ ಹಳೇದು ಎದ್ದ ಬರ್ತದ" ಎಂದರು. ನಿಮಗೆ ಬೇಕಾದ ಚಿತ್ರ ಅದೇ, ಅಲ್ವಾ? ಬಣ್ಣದಲ್ಲಿ ತೆಗೆದಿದ್ದರೆ ಹೊಸ ಕೆಂಪಕ್ಷರ ಕಣ್ಣನ್ನು ಎಳೆದುಬಿಡುತ್ತಿತ್ತು. ಕಪ್ಪು-ಬಿಳುಪಿನಲ್ಲಿ ಮೇಲಿನ ಅಕ್ಷರ, ಅಡಿಯ ಅಕ್ಷರ ಎರಡೂ ಒಂದೇ ಬೂದಿನ ಎರಡು ಪದರವಾಗಿ ಕಂಡವು.

ಆದರೆ ಆ ಮೂರು ದಿನದ ನೆಗೆಟಿವ್‌ಗಳ ಕವರಿನ ಮೇಲೆ ನಾನು ಓಣಿಯ ಹೆಸರು ಬರೆಯಲಿಲ್ಲ, ತಾರೀಖೂ ಬರೆಯಲಿಲ್ಲ. ನೆನಪಿರುತ್ತದೆ ಅಂದುಕೊಂಡಿದ್ದೆ. ಈಗ ಅರ್ಧ ಚಿತ್ರಗಳು ಯಾವ ಜಾಗದವು ಎಂದು ನನಗೇ ತಿಳಿಯುವುದಿಲ್ಲ. ಆ ಅಂಗಡಿಗಳ ಮುಖವೇ ಬದಲಾಗಿದೆ, ಹೋಗಿ ಹೋಲಿಸಿ ನೋಡಲೂ ಆಗದು. ಆ ನಷ್ಟ ನನಗೆ ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ನಿಮಗೆ ಒತ್ತಿ ಹೇಳುತ್ತಿದ್ದೇನೆ: ಮನೆಗೆ ಬಂದ ದಿನವೇ ಬರೆದಿಡಿ. ಓಣಿ, ಹತ್ತಿರದ ಗುರುತು, ತಾರೀಖು, ಹೊತ್ತು, ಬೋರ್ಡಿನಲ್ಲಿ ಏನು ಬರೆದಿತ್ತು, ಯಾವ ಯಾವ ಲಿಪಿಯಲ್ಲಿ. ಈ ನಾಲ್ಕು ಸಾಲು ಇಲ್ಲದ ಬೀದಿ ಚಿತ್ರ ಹತ್ತು ವರ್ಷದಲ್ಲಿ ಅನಾಥವಾಗುತ್ತದೆ.

ಅಕ್ಷರ ತೆಗೆಯಲು ಬೆಳಕು ಪಕ್ಕದಿಂದ ಬೀಳಬೇಕು. ಸೂರ್ಯ ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಬ್ರಷ್ಷಿನ ಅಂಚು, ಬಣ್ಣದ ಹಕ್ಕಳೆ, ಮೊಳೆಯ ತೂತು ಎಲ್ಲ ಎದ್ದು ಕಾಣುತ್ತವೆ. ಎದುರು ಬಿಸಿಲಿನಲ್ಲಿ ಅದೇ ಗೋಡೆ ಚಪ್ಪಟೆ. ಸರಾಫ್ ಬಜಾರ್, ಚೌಕ್, ಶಹಾಬಜಾರ್ ಕಡೆ ಒಂದೊಂದು ಬೋರ್ಡಿಗೂ ಒಂದು ಹೊತ್ತು ಇದೆ. ಕೈಬರಹದ ಉರ್ದು ಬೋರ್ಡುಗಳನ್ನು ಮೊದಲು ತೆಗೆಯಿರಿ, ಕಾಯಬೇಡಿ. ಆ ಇಳಿಜಾರು ಅಕ್ಷರವನ್ನು ಬ್ರಷ್ಷಿನಲ್ಲಿ ಬರೆಯುವ ಕೈಗಳು ಕಡಿಮೆಯಾಗಿವೆ. ಫ್ಲೆಕ್ಸ್ ಬಂದ ಮೇಲೆ ಕನ್ನಡ ಬರೆಯುವ ಪೇಂಟರ್‌ಗಳ ಪಾಡೂ ಅದೇ.

ಇನ್ನು ಬಣ್ಣದ ಪ್ರಶ್ನೆ. ಭಾರತವನ್ನು ಬಣ್ಣದಲ್ಲೇ ನೋಡಬೇಕು, ಕಪ್ಪು-ಬಿಳುಪು ನಮ್ಮ ನೆಲದ ಮನಸ್ಸಿಗೆ ಒಗ್ಗದು ಎಂದು ದೊಡ್ಡ ಫೋಟೋಗ್ರಾಫರ್ ರಘುಬೀರ್ ಸಿಂಗ್ ವಾದಿಸಿದ್ದರು. ಅವರ ಚಿತ್ರಗಳ ಮುಂದೆ ನಿಂತರೆ ಆ ವಾದ ಒಪ್ಪಬೇಕು ಅನಿಸುತ್ತದೆ. ಅತ್ತ ಮೈಸೂರಿನ ಟಿ.ಎಸ್. ಸತ್ಯನ್ ಕಪ್ಪು-ಬಿಳುಪಿನಲ್ಲೇ ನಮ್ಮ ಜನರ ನಗು, ನಾಚಿಕೆ, ದಣಿವು ಎಲ್ಲವನ್ನೂ ಹಿಡಿದರು. ಅವರ ಚಿತ್ರಗಳಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ಒಮ್ಮೆಯೂ ಅನಿಸಿಲ್ಲ. ಇಬ್ಬರೂ ಸರಿ. ನಿಮ್ಮ ಕೆಲಸಕ್ಕೆ ಯಾವುದು ಸರಿ ಎಂಬುದನ್ನು ನಿಮ್ಮ ಬೀದಿಯೇ ಹೇಳಬೇಕು.

ನಮ್ಮ ಬೀದಿಯಲ್ಲಿ ಬಣ್ಣ ಮಾತಾಡುತ್ತದೆ, ಅದೂ ಗಟ್ಟಿಯಾಗಿ. ಕೇಸರಿ, ಹಸಿರು, ನೀಲಿ, ಅರಿಶಿನ-ಕೆಂಪು. ಪ್ರತಿ ಕಂಬಕ್ಕೂ ಒಂದೊಂದು ಬಾವುಟ. ಬಣ್ಣದ ಚಿತ್ರ ನೋಡಿದವರು ಮೊದಲು ಬಾವುಟ ನೋಡುತ್ತಾರೆ, ಇದು ಯಾರ ಓಣಿ ಎಂದು ತೀರ್ಮಾನ ಮಾಡುತ್ತಾರೆ, ಆಮೇಲೆ ಮನುಷ್ಯರನ್ನು ನೋಡುತ್ತಾರೆ. ಕೆಲವರು ನೋಡುವುದೇ ಇಲ್ಲ. ಕಪ್ಪು-ಬಿಳುಪಿನಲ್ಲಿ ಆ ಗದ್ದಲ ಇಳಿಯುತ್ತದೆ. ಕೆಂಪು, ಹಸಿರು ಎರಡೂ ಹೆಚ್ಚುಕಡಿಮೆ ಒಂದೇ ಬೂದು ಆಗಿಬಿಡಬಹುದು. ಆಗ ಕಾಣುವುದು ಬಾವುಟದ ಕೆಳಗೆ ಪಂಕ್ಚರ್ ಹಾಕುತ್ತಿರುವ ಹುಡುಗನ ಬೆರಳು. ನಾನು ಈ ಊರಿನಲ್ಲಿ ಕಪ್ಪು-ಬಿಳುಪು ಬಿಡದಿರುವುದು ಈ ಒಂದು ಕಾರಣಕ್ಕೆ.

ಆದರೆ ಬೂದು ಯಾರ ಪರವೂ ಇಲ್ಲ ಎಂದು ನಂಬಬೇಡಿ. ಆರನೆಯ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ (1844-1905) ಕಾಲದ ಗಾಜಿನ ಪ್ಲೇಟುಗಳಿಗೆ ಕೆಂಪು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ನೀಲಿ ಆಕಾಶ ಬಿಳಿ ಹಾಳೆಯ ಹಾಗೆ, ಕೆಂಪು ರುಮಾಲು ಕಪ್ಪಾಗಿ ಬರುತ್ತಿತ್ತು. ಈಗ ಆ ಕೆಲಸವನ್ನು ಕಂಪ್ಯೂಟರಿನಲ್ಲಿ ಒಂದೊಂದು ಬಣ್ಣದ ಬೂದನ್ನು ಏರಿಸಿ ಇಳಿಸುವ ಸ್ಲೈಡರ್ ಮಾಡುತ್ತದೆ. ಹಸಿರಿನ ಸ್ಲೈಡರ್ ಎಳೆದರೆ ಒಂದು ಬಾವುಟ ಕಪ್ಪಾಗಿ ಗದರುತ್ತದೆ, ಕಿತ್ತಳೆಯದನ್ನು ಎಳೆದರೆ ಇನ್ನೊಂದು. ಹಾಗಾಗಿ ಒಂದು ಹದ ಗೊತ್ತು ಮಾಡಿಕೊಳ್ಳಿ, ಇಡೀ ಮಾಲಿಕೆಗೆ ಅದನ್ನೇ ಇಡಿ. ಕಿತ್ತಳೆ ಸ್ಲೈಡರ್ ಬಗ್ಗೆ ಇನ್ನೊಂದು ಎಚ್ಚರಿಕೆ. ನಮ್ಮ ಮೈಬಣ್ಣ ಕೂತಿರುವುದು ಅದರಲ್ಲೇ. ಅದನ್ನು ಏರಿಸಿದರೆ ಮುಖಗಳು ಬೆಳ್ಳಗಾಗುತ್ತವೆ. ನಿಮ್ಮ ಏಳನೆಯ ಚಿತ್ರದ ಗಂಜಿನ (ಧಾನ್ಯ ಮಾರುಕಟ್ಟೆಯ) ಹಮಾಲರನ್ನು ಹಾಗೆ ಬೆಳ್ಳಗೆ ಮಾಡಿದ್ದೀರಿ. ಬಿಸಿಲಲ್ಲಿ ತೊಗರಿ ಚೀಲ ಹೊತ್ತ ಮೈ ಅದು. ಅದರ ಕಪ್ಪು ಹಾಗೇ ಇರಲಿ.

ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಇಡುವ ಕಡತ) ಇಟ್ಟುಕೊಂಡು, ಪರದೆಯನ್ನು ಮಾತ್ರ ಕಪ್ಪು-ಬಿಳುಪು ಮಾಡಿ. ನೀವು ಬೂದಿನಲ್ಲಿ ನೋಡುತ್ತೀರಿ, ಬಣ್ಣದ ಮಾಹಿತಿ ಫೈಲಿನಲ್ಲಿ ಉಳಿಯುತ್ತದೆ. ಐವತ್ತು ವರ್ಷದ ನಂತರ ಯಾರಾದರೂ ಆ ಬೋರ್ಡು ಯಾವ ಬಣ್ಣದ್ದು ಎಂದು ಕೇಳಿದರೆ ಉತ್ತರ ಇರಬೇಕು.

ಈಗ ಬಡತನದ ಮಾತು. ಇದು ಕಷ್ಟದ್ದು, ನಿಧಾನವಾಗಿ ಹೇಳುತ್ತೇನೆ.

ಸವೆದ ಗೋಡೆ ಚೆಂದ ಕಾಣುತ್ತದೆ, ನಿಜ. ಆದರೆ ನಮ್ಮ ಊರಿನಲ್ಲಿ ಗೋಡೆ ಬರೀ ಮಳೆಗೆ ಸವೆದಿಲ್ಲ. 1948ರಲ್ಲಿ ನಿಜಾಮರ ಪರ ನಿಂತ ಸಶಸ್ತ್ರ ಪಡೆ ರಜಾಕಾರರ ಹಾವಳಿಗೆ ಈ ಭಾಗದ ಊರುಗಳು ನಲುಗಿದವು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕೊಲೆಗಳನ್ನು ಜನ ಇನ್ನೂ ಮರೆತಿಲ್ಲ. ಅದೇ ವರ್ಷ ಸೆಪ್ಟೆಂಬರ್ 13ಕ್ಕೆ ಶುರುವಾದ, 'ಪೊಲೀಸ್ ಕಾರ್ಯಾಚರಣೆ' ಎನ್ನುವ ಭಾರತೀಯ ಸೇನೆಯ ದಾಳಿ ಕೆಲವೇ ದಿನದಲ್ಲಿ ಮುಗಿದು, ಸಂಸ್ಥಾನ ಭಾರತಕ್ಕೆ ಸೇರಿತು. ಆ ಬಳಿಕ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಅದನ್ನು ನೋಡಿ ಬರಲು ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ತನ್ನ ವರದಿಯಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳ ಸಾಲಿನಲ್ಲಿ ಗುಲ್ಬರ್ಗ ಮತ್ತು ಬೀದರ್ ಎರಡನ್ನೂ ಹೆಸರಿಸಿತು. ಎರಡೂ ಕಡೆಯ ನೋವು ಇಲ್ಲೇ ಅಕ್ಕಪಕ್ಕದ ಮನೆಗಳಲ್ಲಿದೆ. ಬೀಗ ಹಾಕಿದ ಹಳೆಯ ಬಾಗಿಲು ಕಂಡಾಗ ಅದರ ಹಿಂದೆ ಏನಿದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಬಾಡಿಗೆಯ ಜಗಳ ಇರಬಹುದು, ಊರು ಬಿಟ್ಟು ಹೋದವರ ಮನೆ ಇರಬಹುದು. ಕೇಳಿ ತಿಳಿದುಕೊಳ್ಳಿ. ತಿಳಿಯದೆ 'ಮೌನ', 'ಅಳಿದ ವೈಭವ' ಎಂದೆಲ್ಲ ತಲೆಬರಹ ಕೊಡಬೇಡಿ. ಚಿತ್ರಕ್ಕಿಂತ ಅಂಥ ತಲೆಬರಹಗಳೇ ಬಡತನವನ್ನು ಚೆಂದ ಮಾಡುವುದು.

ಕೋಟೆಯ ಒಳಗೆ ಇನ್ನೂ ಎಚ್ಚರ ಬೇಕು. ಅಲ್ಲಿ 1367ರ ಜಾಮಿ ಮಸೀದಿ ಇದೆ. ಅಂಗಳವೇ ಇಲ್ಲದೆ ಪೂರಾ ಚಾವಣಿ ಹೊದ್ದ ಮಸೀದಿ. ಕಮಾನಿನ ಸಾಲಿನೊಳಗೆ ಬೆಳಕು ಪಕ್ಕದಿಂದ ಹರಿದು ಬರುವ ಚಿತ್ರ ಎಲ್ಲರೂ ತೆಗೆಯುತ್ತಾರೆ, ನೀವೂ ತೆಗೆದಿದ್ದೀರಿ, ಸಾಕು. ಅದೇ ಕೋಟೆಯಲ್ಲಿ ಎಷ್ಟೋ ಕಾಲದಿಂದ ವಾಸವಿರುವ ಸಂಸಾರಗಳಿವೆ. ಅವರನ್ನು ಒಕ್ಕಲೆಬ್ಬಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಅಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಮೊದಲ ಪ್ರಶ್ನೆಯೇ "ಆಫೀಸಿನಿಂದ ಬಂದೀರೇನ್ರಿ?" ಮನೆಯ ಗೋಡೆ, ಬಾಗಿಲು, ಶೀಟು ತೋರಿಸುವ ಚಿತ್ರ ಅವರಿಗೆ ಸಾಕ್ಷಿಯ ಹಾಗೆ ಕಾಣುತ್ತದೆ. ಆ ಭಯಕ್ಕೆ ಅರ್ಥವಿದೆ. ಅವರು ಬೇಡ ಎಂದರೆ ಬೇಡ. ಒಪ್ಪಿದರೂ ಮುಖ, ಮನೆ ಎರಡೂ ಗುರುತು ಸಿಗುವಂಥ ಚಿತ್ರವನ್ನು ಹೊರಗೆ ಹಾಕುವ ಮುನ್ನ ಅವರಿಗೆ ತೋರಿಸಿ, ಇನ್ನೊಮ್ಮೆ ಕೇಳಿ.

ಯಾಕೆ ತೆಗೆಯುತ್ತೀರಿ ಎಂದರೆ ಸತ್ಯವನ್ನೇ ಹೇಳಿ. "ಇದೇ ಊರಾಕಿ ಇದ್ದೀನ್ರಿ, ಊರು ಹೆಂಗ ಬದಲಾಗ್ಲತ್ತದ ಅಂತ ಫೋಟೋದಾಗ ಇಡ್ಲತ್ತೀನಿ." ಇಷ್ಟು ಸಾಕು. ನಿಮ್ಮ ಓಣಿ ಯಾವುದು, ಯಾರ ಮಗಳು ಎಂದು ಕೇಳುತ್ತಾರೆ, ಹೇಳಿ. ಹಿರಿಯರಿದ್ದರೆ ಕಾಕಾ, ಚಾಚಾ ಎನ್ನಿ, ಕ್ಯಾಮೆರಾ ಕೆಳಗಿಳಿಸಿ ಮಾತಾಡಿ. ದೂರದಿಂದ ಉದ್ದ ಲೆನ್ಸ್ ಹಾಕಿ ಕದ್ದು ತೆಗೆಯುವುದು ನನಗೆ ಸೇರುವುದಿಲ್ಲ. ನಿಮ್ಮ ಎರಡು ಚಿತ್ರಗಳು ಹಾಗೆ ಬಂದಿವೆ, ನೋಡಿದರೆ ಗೊತ್ತಾಗುತ್ತದೆ. ಅವುಗಳಲ್ಲಿ ಬಡತನ ಮಾತ್ರ ಕಾಣುತ್ತದೆ. ಹತ್ತಿರ ಹೋಗಿ ತೆಗೆದ ಚಿತ್ರದಲ್ಲಿ ಮನುಷ್ಯ ನಿಮ್ಮನ್ನು ನೋಡುತ್ತಾನೆ, ಅವನ ಮಾತು, ಗತ್ತು, ಬೇಸರ ಎಲ್ಲ ಬರುತ್ತದೆ.

ಹತ್ತಿರ ಹೋಗಲು 35 ಎಂ.ಎಂ. ಲೆನ್ಸ್ ಒಳ್ಳೆಯದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8 ಇಟ್ಟು, ಐದು ಮೀಟರಿಗೆ ಫೋಕಸ್ ಕಟ್ಟಿಬಿಡಿ. ಸುಮಾರು ಎರಡೂವರೆ ಮೀಟರಿನಿಂದ ಆಚೆ ಎಲ್ಲವೂ ಸ್ಪಷ್ಟ. ಇನ್ನೂ ಹತ್ತಿರ ಹೋಗುವುದಾದರೆ ಎಫ್ 11ಕ್ಕೆ ಇಳಿಸಿ. ಶಟರ್ ವೇಗ 1/250 ಸೆಕೆಂಡ್. ಆಮೇಲೆ ಕ್ಯಾಮೆರಾ ಮರೆತು ಬೀದಿ ನೋಡಬಹುದು.

ಬೆಳಕಿನ ವಿಷಯದಲ್ಲಿ ನಮ್ಮ ಊರು ಸುಲಭದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಆಕಾಶ ಬೆಳ್ಳಗಾಗಿಬಿಡುತ್ತದೆ. ಮೇ ಎರಡನೇ ವಾರದ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ಕಂಬಕ್ಕೂ ನೆರಳಿರುವುದಿಲ್ಲ. ಆ ಹೊತ್ತಿನಲ್ಲಿ ಮುಖ ತೆಗೆಯಬೇಡಿ, ಕಣ್ಣು ಎರಡು ಕಪ್ಪು ಗುಳಿಯಾಗುತ್ತವೆ. ಆದರೆ ಬೇಸಿಗೆಯನ್ನು ಪೂರ್ತಿ ಬಿಡಲೂ ಬೇಡಿ. ಬಿಸಿಲಿಗೆಂದು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಎಂದಾಗುತ್ತದೆ, ಊರಿನ ಚಲನೆಯೇ ಬದಲಾಗುತ್ತದೆ. ಎರಡು ಗಂಟೆಗೆ ಅರ್ಧ ಎಳೆದ ಶಟರ್, ಕೆಳಗೆ ಪರಸಿ ಕಲ್ಲಿನ ಮೇಲೆ ಮಲಗಿದ ಮಾಲೀಕ. ಇದು ಕಲಬುರಗಿಯದೇ ಚಿತ್ರ. ಶಹಾಬಾದಿನ ಆ ಕಲ್ಲು ಮೊದಲೇ ಬೂದು, ಕಪ್ಪು-ಬಿಳುಪಿನಲ್ಲಿ ಅದು ಏನನ್ನೂ ಕಳೆದುಕೊಳ್ಳುವುದಿಲ್ಲ. ಮಳೆ ನಿಂತ ಮರುಗಳಿಗೆಯಲ್ಲಿ ಅದರ ಮೇಲೆ ಇಡೀ ಬೀದಿ ತಲೆಕೆಳಗಾಗಿ ಮೂಡುತ್ತದೆ. ಇನ್ನು ಚಳಿಗಾಲದಲ್ಲಿ ಹೊಸ ತೊಗರಿ ಬರುವಾಗ ನೆಹರೂ ಗಂಜಿಗೆ ಬೆಳಿಗ್ಗೆ ಹೋಗಿ. ಚೀಲ ಸುರಿದಾಗ ಏಳುವ ಧೂಳಿನಲ್ಲಿ ಬಿಸಿಲು ಕೋಲಾಗಿ ಇಳಿಯುತ್ತದೆ.

ಅಜ್ಜನ ಕ್ಯಾಮೆರಾ ಖಂಡಿತ ಬಳಸಿ. ಲೆನ್ಸಿನಲ್ಲಿ ಬೂಷ್ಟು ಇದೆಯೇ, ಶಟರ್ ಎಳೆಯುತ್ತದೆಯೇ ಎಂದು ಮೊದಲು ನೋಡಿಸಿ. ಒಂದು ಕಾಲಕ್ಕೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ನಮಗೆ ಸಿಗುತ್ತಿತ್ತು, ಅದು ನಿಂತುಹೋಗಿದೆ. ಈಗ ಇಲ್ಫೋರ್ಡ್ ಎಚ್‌ಪಿ5 ಅಥವಾ ಕೊಡಾಕ್ ಟ್ರೈ-ಎಕ್ಸ್ ತರಿಸಿಕೊಳ್ಳಬೇಕು. ದುಬಾರಿ, ಹಾಗಾಗಿ ತಿಂಗಳಿಗೊಂದು ರೋಲ್ ಸಾಕು. ನಿಜವಾದ ತೊಂದರೆ ತೊಳೆಯುವುದರಲ್ಲಿದೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕವಾದ ಡೆವಲಪರ್‌ನ ಸಮಯವನ್ನು ಪುಸ್ತಕದಲ್ಲಿ ಬರೆಯುವುದು 20 ಡಿಗ್ರಿಗೆ. ಮೇ ತಿಂಗಳಲ್ಲಿ ನಮ್ಮ ನಲ್ಲಿಯ ನೀರೇ ಕೈ ಸುಡುತ್ತದೆ. ಬಿಸಿಯಾದಷ್ಟೂ ಸಮಯ ಕಡಿಮೆ ಮಾಡಬೇಕು, ಐದು ನಿಮಿಷಕ್ಕಿಂತ ಕೆಳಗಿಳಿದರೆ ಫಿಲ್ಮ್ ಕಲೆಕಲೆಯಾಗಿ ಬರುತ್ತದೆ. ನಾನು ಹಿಂದಿನ ರಾತ್ರಿಯೇ ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿಡುತ್ತೇನೆ. ನಮ್ಮ ಒಣ ಗಾಳಿಗೆ ಅದು ಚೆನ್ನಾಗಿ ತಂಪಾಗುತ್ತದೆ. ಬೆಳಿಗ್ಗೆ ಡೆವಲಪರ್ ಬಾಟಲಿಯನ್ನು ಅದೇ ನೀರು, ಸ್ವಲ್ಪ ಐಸ್ ಇರುವ ಬಕೆಟ್ಟಿನಲ್ಲಿ ಇಟ್ಟರೆ ಹದಕ್ಕೆ ಬರುತ್ತದೆ. ಕೊನೆಯ ತೊಳೆಯುವ ನೀರೂ ಹೆಚ್ಚುಕಡಿಮೆ ಅದೇ ಬಿಸಿ ಇರಲಿ. ತಣ್ಣನೆಯ ಡೆವಲಪರ್‌ನಿಂದ ತೆಗೆದು ಸುಡುವ ನೀರಿಗೆ ಹಾಕಿದರೆ ಫಿಲ್ಮಿನ ಮೇಲಿನ ಪದರ ಮೆತ್ತಗಾಗಿ ಕೆಡುತ್ತದೆ.

ಮುಂದಿನ ಒಂದು ವರ್ಷ ಏನು ಮಾಡಬೇಕು ಎಂದೂ ಹೇಳಿಬಿಡುತ್ತೇನೆ. ಹೊಸ ಓಣಿ ಹುಡುಕುವುದನ್ನು ನಿಲ್ಲಿಸಿ. ಆರು ಜಾಗ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಚೌಕ್, ಮುಚ್ಚಿಹೋದ ಎಂಎಸ್‌ಕೆ ಬಟ್ಟೆ ಮಿಲ್ಲಿನ ಸುತ್ತಲಿನ ಬಡಾವಣೆ, ಗಂಜ್, ಸ್ಟೇಷನ್ ಮುಂದಿನ ರಸ್ತೆ, ಖಾಜಾ ಬಂದೇನವಾಜ್ ದರ್ಗಾದ ದಾರಿ, ಅಪ್ಪನ ಕೆರೆಯ ದಂಡೆ. ಪ್ರತಿ ತಿಂಗಳು ಅದೇ ಜಾಗದಲ್ಲಿ, ಅದೇ ಲೆನ್ಸಿನಲ್ಲಿ, ಅದೇ ಹೊತ್ತಿಗೆ ನಿಲ್ಲಿ. ಸೆಪ್ಟೆಂಬರ್ 17ರ ವಿಮೋಚನಾ ದಿನ ಮತ್ತು ನವೆಂಬರ್ 1ರ ರಾಜ್ಯೋತ್ಸವದಂದು ಮೆರವಣಿಗೆಯ ಹಿಂದೆ ಓಡಬೇಡಿ, ಪತ್ರಿಕೆಯವರು ಅಲ್ಲಿರುತ್ತಾರೆ. ನೀವು ಮರುದಿನ ಬೆಳಿಗ್ಗೆ ಹೋಗಿ. ಕಟ್ಟಿದ ಬಾವುಟವನ್ನು ಯಾರು ಬಿಚ್ಚುತ್ತಾರೆ, ಫ್ಲೆಕ್ಸಿನ ಬಟ್ಟೆ ಯಾರ ಮನೆಯ ಸೂರಿಗೆ ಹೊದಿಕೆಯಾಗುತ್ತದೆ, ಚೌಕಟ್ಟಿನ ಕಟ್ಟಿಗೆ ಯಾವ ಒಲೆಗೆ ಹೋಗುತ್ತದೆ ನೋಡಿ. ನಾಯಕರ ನಗುಮುಖ ಬಂಡಿಯ ಮೇಲಿನ ಹಣ್ಣಿಗೆ ನೆರಳಾದ ಒಂದು ಚಿತ್ರ ನನ್ನ ಬಳಿ ಇದೆ. ಆ ಬಂಡಿಯವರ ತಂದೆ ಅದೇ ಜಾಗದಲ್ಲಿ ನಿಜಾಮರ ಕಾಲದಲ್ಲೂ ಹಣ್ಣು ಮಾರುತ್ತಿದ್ದರಂತೆ.

ತೆಗೆದವರಿಗೆಲ್ಲ ಒಂದೊಂದು ಪ್ರಿಂಟ್ ಕೊಡಿ. ಸಣ್ಣದೇ ಸಾಕು. ಹಿಂದೆ ಓಣಿ, ತಾರೀಖು ಬರೆದು ಕೊಡಿ. ಮುಂದಿನ ಭಾನುವಾರ ಆ ಅಂಗಡಿಗೆ ಹೋದಾಗ ನಿಮ್ಮ ಚಿತ್ರ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿರುತ್ತದೆ. ಪಕ್ಕದಲ್ಲಿ ಅವರ ಅಪ್ಪನದೊಂದು ಹಳೆಯ ಫೋಟೋ ಇದ್ದರೆ, ಹಿಂದಿನ ಗೋಡೆಯ ಮೇಲೆ ಯಾವ ಅಕ್ಷರ ಇದೆ ಎಂದು ಹತ್ತಿರ ಹೋಗಿ ನೋಡಿ. ಅನುಮತಿ ಕೇಳಿ ಅದರದ್ದೂ ಒಂದು ಚಿತ್ರ ತೆಗೆದುಕೊಳ್ಳಿ.